ಹೆಜ್ಜೆ ಏಳುವ ತನಕ

ಮೊಣಕಾಲು ಬದಲಿಸಿಕೊಳ್ಳಲು ಮೈಸೂರಿಗೆ ಹೊರಟ ದಿನ
ಬೋಜಮ್ಮ ನನ್ನ ಕೈಗಿತ್ತದ್ದು
ಗೇಟಿನ ಬೀಗದ ಕೈ,
ಮತ್ತೆ ಕಾಫಿ ಕ್ಯೂರಿಂಗಿನ ಹಳೇ ರಸೀದಿಯ ಬೆನ್ನಿಗೆ
ಪೆನ್ಸಿಲಿನಲ್ಲಿ ಬರೆದ ನಾಲ್ಕು ಸಾಲು:

ಪುತ್ತರಿ ಕಳೆದ ಮೇಲೆ ಹತ್ತು ದಿನಕ್ಕೊಮ್ಮೆ.
ಸಂಜೆ ಬೇಡ.
ಇಬ್ಬನಿ ಆರುವ ಮುಂಚೆ ಪೈಪು ಮುಟ್ಟಬೇಡ.
ಕೇಳಿದರೆ ಮಾತ್ರ ಕೊಡು.

ಹುಲ್ಲು ಹೇಗೆ ಕೇಳುತ್ತದೆ?
ಜೀಪು ತಿರುವು ದಾಟಿದ ಮೇಲೆ ಹೊಳೆಯಿತು ಈ ಪ್ರಶ್ನೆ.

ನಾನು ಹನೂರಿನ ಕಡೆಯವಳು.
ನಮ್ಮಲ್ಲಿ ಯಾವ ಗಿಡವೂ ಸಾಕು ಅಂದದ್ದಿಲ್ಲ.
ಸುಂಟಿಕೊಪ್ಪದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸ,
ಈ ಮನೆಯ ಪಕ್ಕದ ಎರಡು ಕೋಣೆ ಬಾಡಿಗೆ,
ಕಾಪಿಟ್ಟು ಬೆಳೆಸಿದ ಹುಲ್ಲನ್ನು ಇಷ್ಟು ಹತ್ತಿರದಿಂದ ಕಂಡದ್ದು ಇದೇ ಮೊದಲು.
ಹಾಗಾಗಿ ದಿನಾ ಕೊಟ್ಟೆ. ಡ್ಯೂಟಿಗೆ ಮುಂಚೆ,
ಮಂಜು ಇನ್ನೂ ಸಿಲ್ವರ್ ಓಕಿನ ಸೊಂಟದಲ್ಲಿರುವಾಗ,
ಬೆರಳು ಮರಗಟ್ಟುವ ತನಕ.

ಬೇಲಿಯಾಚೆ ಹಂಸಾಕನ ಅಂಗಳ.
ಊರೂರು ಸುತ್ತಿ ಕೊಂಡು ತಂದ ಚಿಲ್ಲರೆ ಕಾಫಿ
ನೀಲಿ ಟಾರ್ಪಾಲಿನ ಮೇಲೆ ಕೆಂಪಿನಿಂದ ಕಪ್ಪಿಗೆ ಒಣಗುತ್ತದೆ.
ಉದ್ದ ಹಿಡಿಯ ಹಲಗೆಯಿಂದ ಗಂಟೆಗೊಮ್ಮೆ ಎಳೆದು ತಿರುವುತ್ತಾರೆ.
ನನ್ನ ಪೈಪಿನ ಬಾಯಿ ಅತ್ತ ಹೊರಳಿದರೆ ಸಾಕು,
"ಟೀಚರೇ!" ಎನ್ನುತ್ತಾರೆ. ನಾನು ಟೀಚರಲ್ಲ.
ಇಡೀ ಕೇರಿ ಬಿಸಿಲನ್ನು ಬೇಡುವ ತಿಂಗಳಲ್ಲಿ
ಒದ್ದೆಯನ್ನು ಬಯಸುವವಳು ನಾನೊಬ್ಬಳೇ.

ಮೂರನೇ ವಾರ ಹುಲ್ಲಿನ ಮೇಲೆ ಹಳದಿ ವೃತ್ತಗಳು,
ಬಿಸಿ ಪಾತ್ರೆ ಇಳಿಸಿಟ್ಟ ಗುರುತಿನಂತೆ.
ಬಾಯಾರಿಕೆಯೆಂದುಕೊಂಡು ಇನ್ನಷ್ಟು ಕೊಟ್ಟೆ.
ವೃತ್ತದ ಅಂಚಿಗೆ ಜೇಡರಬಲೆಯಂಥ ಬಿಳಿ ಬೂಷ್ಟು ಬಂತು.

ರಾತ್ರಿ ಫೋನಿನಲ್ಲಿ ಹೇಳಲೇಬೇಕಾಯಿತು.
ಬೋಜಮ್ಮ ಬೈಯಲಿಲ್ಲ. ಹಿಂದೆ ಯಾರೋ ನರ್ಸು
ಕಾಲು ಮಡಚಿ, ಮಡಚಿ, ಅನ್ನುತ್ತಿದ್ದಳು.
"ಚಳಿಯಲ್ಲಿ ಅದು ಅರೆನಿದ್ದೆಯಲ್ಲಿರುತ್ತದೆ ಮಾರಾಯ್ತಿ.
ಮಲಗಿದವರ ಬಾಯಿಗೆ ನೀರು ಹೊಯ್ಯುತ್ತಾರಾ?
ನಾಳೆ ಮಧ್ಯಾಹ್ನ ಬರಿಗಾಲಲ್ಲಿ ಅಡ್ಡ ನಡೆ.
ಆಚೆ ದಡದಲ್ಲಿ ನಿಂತು ತಿರುಗಿ ನೋಡು.
ಹೆಜ್ಜೆ ಎದ್ದು ನಿಂತರೆ ಬೇಡ ಅಂತ ಅರ್ಥ.
ಬಿದ್ದೇ ಇದ್ದರೆ, ಕೇಳಿತು ಅಂತ."

ನಡೆದೆ. ನೋಡಿದೆ.
ಒಂದೊಂದೇ ಗರಿ ಸೊಂಟ ನೆಟ್ಟಗೆ ಮಾಡಿಕೊಂಡು
ನನ್ನ ಪಾದವನ್ನು ಅಳಿಸಿಹಾಕಿತು.
ಅವಮಾನವಾಯಿತು, ನಗುವೂ ಬಂತು.

ಪೈಪು ಸುರುಳಿ ಸುತ್ತಿ ಮಲಗಿತು,
ಸುರುಳಿಯ ನಡುವೆ ಒಂದು ಕಪ್ಪೆ ಬಿಡಾರ ಹೂಡಿತು.
ದಿನಾ ಊಟದ ಬಿಡುವಿನಲ್ಲಿ ಬಂದು ನಡೆದೆ.
ಹದಿಮೂರನೇ ದಿನ ಒಂದು ಹೆಜ್ಜೆ ಏಳಲಿಲ್ಲ,
ಎಡಗಾಲಿನದು, ಹೆಬ್ಬೆರಳ ಸಮೇತ.
ಕಪ್ಪೆಯನ್ನು ಎಬ್ಬಿಸಿ ಕೊಟ್ಟೆ.
ನಿಧಾನ, ಬೇರಿನ ಆಳಕ್ಕೆ, ಇಂಗುವ ಸದ್ದು ನಿಲ್ಲುವ ತನಕ.

ಜನವರಿಯ ಕೊನೆಗೆ ಒಂದು ರಾತ್ರಿ ಯಾರೂ ಕರೆಯದ ಮಳೆ.
ಟಾರ್ಪಾಲಿನ ಒಂದು ಮೂಲೆ ಹಂಸಾಕ, ಒಂದು ಅವರ ಮಗಳು ಸಫೂರ,
ಮೂರನೆಯದು ನಾನು, ನಾಲ್ಕನೆಯದಕ್ಕೆ ಕಲ್ಲು.
"ನಿಮ್ಮ ಹುಲ್ಲೇ ಬೇಡಿಕೊಂಡಿರಬೇಕು" ಅಂದರು, ತಮಾಷೆಗಲ್ಲ.
"ಇಲ್ಲ ಕಾಕ, ನಿನ್ನೆಯೇ ನಡೆದು ನೋಡಿದ್ದೆ."

ಬೋಜಮ್ಮ ಬಂದದ್ದು ಫೆಬ್ರವರಿಯಲ್ಲಿ,
ನಾಲ್ಕು ಕಾಲಿನ ವಾಕರ್ ಹಿಡಿದು.
ಮೆಟ್ಟಿಲ ಕಡೆ ನೋಡಲಿಲ್ಲ, ನೇರ ಹುಲ್ಲಿಗೆ ಇಳಿದರು.
ಹಳದಿ ವೃತ್ತಗಳ ಬಗ್ಗೆ ಏನೂ ಅನ್ನಲಿಲ್ಲ,
ಎಣಿಸಿದರು ಮಾತ್ರ.
ಮೂರು ಹೆಜ್ಜೆ. ನಿಂತು, ಇಡೀ ಮೈ ತಿರುಗಿಸಿ ಹಿಂದೆ ನೋಡಿದರು:
ರಬ್ಬರಿನ ಹನ್ನೆರಡು ದುಂಡು ಗುರುತು,
ನಡುವೆ ಹೊಸ ಮೊಣಕಾಲು ಎಳೆದುಕೊಂಡು ಬಂದ ಪಾದ.

ಹಂಸಾಕ ಹಲಗೆ ನಿಲ್ಲಿಸಿ ಬೇಲಿಗೆ ಒರಗಿದರು.
"ಪೈಪು ತರಲಾ?" ಅಂದೆ.

ತಡಿ, ಅಂದರು ಬೋಜಮ್ಮ.
ಇನ್ನೂ ಸ್ವಲ್ಪ ತಡಿ.